ಗಲ್ಲಾದಲ್ಲಿ ಹಣ ಕಡಿಮೆ ಬಿದ್ದಾಗ: ಕಲಬುರಗಿಯ ಕ್ಯಾಶಿಯರ್‌ಗಳಿಗೆ ಒಂದು ಮಾರ್ಗದರ್ಶಿ

ರಾತ್ರಿ ಶಟರ್ ಅರ್ಧ ಇಳಿದ ಮೇಲೆ ಕ್ಯಾಶಿಯರ್‌ಗಳು ಕೇಳಲು ಹೆದರುವ ಮಾತೊಂದಿದೆ: "ನಿನ್ ಕೌಂಟರಿನ್ಯಾಗ ನೂರಾ ಎಂಬತ್ತ ರೂಪಾಯಿ ಕಮ್ಮಿ ಬಿದ್ದಾವ, ನೋಡು." ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಲಿನ ಬಟ್ಟೆ ಅಂಗಡಿಗಳಲ್ಲಿ, ಸೇಡಂ ರಸ್ತೆಯ ಮಾರ್ಟ್‌ಗಳಲ್ಲಿ, ಔಷಧ ಅಂಗಡಿಗಳಲ್ಲಿ ಗಲ್ಲಾ ನೋಡಿಕೊಳ್ಳುವ ಅನೇಕರು ಆಳಂದ, ಅಫಜಲಪುರ, ಚಿಂಚೋಳಿ ಕಡೆಯಿಂದ ಬಂದು ಬಾಡಿಗೆ ಕೋಣೆಯಲ್ಲಿದ್ದುಕೊಂಡು ದುಡಿಯುವ ಚಿಕ್ಕ ವಯಸ್ಸಿನವರು. ತಿಂಗಳ ಕೊನೆಗೆ ಪಗಾರದಿಂದ ಇಂಥ ಸಣ್ಣ ಮೊತ್ತಗಳನ್ನು ಕೂಡಿಸಿ ಕಳೆದಾಗ ಅವರ ಕೈಗೆ ಬರುವ ಹಣ ಕಡಿಮೆಯಾಗುತ್ತದೆ. ಅದಕ್ಕಿಂತ ಹೆಚ್ಚು ನೋಯಿಸುವುದು, ಯಾರೂ ನೇರವಾಗಿ ಹೇಳದಿದ್ದರೂ ಎಲ್ಲರ ಕಣ್ಣಿನಲ್ಲಿ ಕಾಣುವ ಕಳ್ಳತನದ ಅನುಮಾನ.

ಗಲ್ಲಾದಲ್ಲಿ ಹಣ ಕಡಿಮೆ ಇದೆ ಎಂಬುದು ಲೆಕ್ಕದ ಕುರಿತ ಸಂಗತಿ. ಅದಕ್ಕೆ ಇಂಥವರೇ ಹೊಣೆ ಎಂಬುದು ಪ್ರತ್ಯೇಕವಾಗಿ ತೋರಿಸಿಕೊಡಬೇಕಾದ ಸಂಗತಿ. ಇವೆರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಅನ್ಯಾಯ ಶುರುವಾಗುತ್ತದೆ. ತಾನೊಬ್ಬನೇ ಎಣಿಸಿ ತೆಗೆದುಕೊಂಡ, ತಾನೊಬ್ಬನೇ ಕೈಯಾಡಿಸಿದ, ತನ್ನ ಕಣ್ಣೆದುರಿಗೇ ಮತ್ತೆ ಎಣಿಸಲಾದ ಹಣಕ್ಕೆ ಮಾತ್ರ ಒಬ್ಬ ಕ್ಯಾಶಿಯರ್ ಉತ್ತರ ಕೊಡಬೇಕಾಗುತ್ತದೆ. ಈ ಮಾರ್ಗದರ್ಶಿಯ ಎಲ್ಲ ಹೆಜ್ಜೆಗಳೂ ಆ ಒಂದು ಮಾತಿನಿಂದಲೇ ಹೊರಡುತ್ತವೆ.

ಮೊದಲ ಹೆಜ್ಜೆ: ಬೆಳಗಿನ ಚಿಲ್ಲರೆಯನ್ನು ಎಣಿಸದೆ ಮುಟ್ಟಬೇಡಿ

ಬೆಳಗ್ಗೆ ಗಲ್ಲಾದಲ್ಲಿ ಇಡುವ ಆರಂಭದ ಚಿಲ್ಲರೆ ಎರಡು ಸಾವಿರವೇ ಇರಲಿ, ಐದು ಸಾವಿರವೇ ಇರಲಿ, ಕೊಟ್ಟವರ ಎದುರಿನಲ್ಲೇ ಎಣಿಸಿಕೊಳ್ಳಿ. "ನಿನ್ನೆ ರಾತ್ರಿನೇ ಎಣಿಸಿಟ್ಟೀನಿ, ತಗೋ" ಎಂದು ಮೇಲ್ವಿಚಾರಕರು ಹೇಳಿದರೆ ಅವರ ಮಾತಿನ ಮೇಲೆ ನಂಬಿಕೆಯಿಲ್ಲ ಎಂದು ಹೇಳುವ ಅಗತ್ಯವಿಲ್ಲ. "ಅಣ್ಣಾ, ಒಮ್ಮೆ ನಾನೂ ಎಣಿಸಿ ಸಹಿ ಮಾಡ್ತೀನಿ, ಇಬ್ಬರಿಗೂ ಛಲೋ" ಎಂದರೆ ಸಾಕು. ಎಣಿಕೆಯನ್ನು ಮುಖಬೆಲೆವಾರು ಬರೆದುಕೊಳ್ಳಿ: 500ರ ನೋಟು ಎಷ್ಟು, 200 ಎಷ್ಟು, 100 ಎಷ್ಟು, ಹೀಗೆ ನಾಣ್ಯದವರೆಗೆ. ಒಟ್ಟು ಮೊತ್ತವನ್ನಷ್ಟೇ ಬರೆದರೆ ರಾತ್ರಿ ತಪ್ಪು ಹುಡುಕುವಾಗ ಅದರಿಂದ ಏನೂ ತಿಳಿಯುವುದಿಲ್ಲ.

ನಾಣ್ಯಗಳ ಪೊಟ್ಟಣ ಮತ್ತು ಹೊಸ ನೋಟಿನ ಕಟ್ಟುಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಒಂದು ಕಟ್ಟಿನಲ್ಲಿ ನೂರು ನೋಟುಗಳಿರಬೇಕು; ಆದರೆ ಬಿಚ್ಚಿ ಬಳಸಲು ಆರಂಭಿಸಿದ ಮೇಲೆ ತೊಂಬತ್ತೊಂಬತ್ತೇ ಇದ್ದವು ಎಂದು ಸಾಬೀತು ಮಾಡುವುದು ಯಾರಿಗೂ ಸಾಧ್ಯವಿಲ್ಲ. ಗರಿಗರಿಯಾದ ಹತ್ತರ ನೋಟುಗಳು ಒಂದಕ್ಕೊಂದು ಅಂಟಿಕೊಂಡು ಎರಡು ಒಂದಾಗಿ ಹೋಗುವುದೂ ಇದೆ. ಕಟ್ಟನ್ನು ಬಿಚ್ಚಿ, ಒಮ್ಮೆ ಬಗ್ಗಿಸಿ ಸಡಿಲಗೊಳಿಸಿ, ಎರಡೂ ಬದಿಯಿಂದ ಎಣಿಸುವುದು ಒಳ್ಳೆಯ ರೂಢಿ.

ಎರಡನೆಯ ಹೆಜ್ಜೆ: ಒಂದು ಗಲ್ಲಾಕ್ಕೆ ಒಬ್ಬರ ಕೈ, ಒಬ್ಬರ ಲಾಗಿನ್

ಇದು ಎಲ್ಲಕ್ಕಿಂತ ಮುಖ್ಯವಾದ ಮಾತು, ಮತ್ತು ನಮ್ಮ ಕಡೆಯ ಅಂಗಡಿಗಳಲ್ಲಿ ಎಲ್ಲಕ್ಕಿಂತ ಕಡಿಮೆ ಪಾಲನೆಯಾಗುವ ಮಾತು. ಕ್ಯಾಶಿಯರ್ ಊಟಕ್ಕೆ ಹೋದಾಗ ಇನ್ನೊಬ್ಬರು ಅದೇ ಗಲ್ಲಾದಲ್ಲಿ, ಅದೇ ಲಾಗಿನ್‌ನಲ್ಲಿ ಬಿಲ್ ಮಾಡುತ್ತಾರೆ. ಮಾಲೀಕರ ಮಗ ಬಂದು ಐನೂರು ಮುರಿಸಿಕೊಂಡು ಹೋಗುತ್ತಾನೆ. ಪಕ್ಕದ ಕೌಂಟರಿನ ಹುಡುಗಿ "ಅಕ್ಕಾ, ನೂರರ ಐದು ನೋಟು ಕೊಡು" ಎಂದು ಕೇಳಿ ಪಡೆಯುತ್ತಾಳೆ. ಶರಣಬಸವೇಶ್ವರ ಜಾತ್ರೆಯ ದಿನಗಳಲ್ಲಿ, ದಸರಾ ದೀಪಾವಳಿಯ ಹೊತ್ತಿನಲ್ಲಿ, ರಂಜಾನ್ ತಿಂಗಳ ಕೊನೆಯ ವಾರದಲ್ಲಿ ಸಾಲು ಬಾಗಿಲಿನವರೆಗೆ ಬೆಳೆದಾಗ ಇಬ್ಬರು ಮೂವರು ಒಂದೇ ಗಲ್ಲಾದಲ್ಲಿ ಕೈಯಾಡಿಸುವುದು ಸಾಮಾನ್ಯವಾಗುತ್ತದೆ. ಆದರೆ ರಾತ್ರಿ ಕಡಿಮೆ ಬಿದ್ದ ಹಣದ ಹೊಣೆ ಮಾತ್ರ ಪಟ್ಟಿಯಲ್ಲಿ ಹೆಸರಿರುವ ಒಬ್ಬರ ಮೇಲೆಯೇ ಬೀಳುತ್ತದೆ.

ಅದಕ್ಕಾಗಿ ಗಲ್ಲಾ ಬಿಟ್ಟು ಏಳುವಾಗಲೆಲ್ಲ ಲಾಗಿನ್ ಮುಚ್ಚಿ, ಗಲ್ಲಾಕ್ಕೆ ಬೀಗ ಹಾಕಿ, ಬೀಗದ ಕೈ ನಿಮ್ಮ ಬಳಿಯೇ ಇಟ್ಟುಕೊಳ್ಳಿ. ಬೇರೆಯವರು ಕೂರಲೇಬೇಕಾದರೆ ಅವರ ಹೆಸರಿನ ಲಾಗಿನ್‌ನಲ್ಲಿ ಕೂರಲಿ, ಕೂರುವ ಮುನ್ನ ಇಬ್ಬರೂ ಎಣಿಸಿ ಮೊತ್ತಕ್ಕೆ ಸಹಿ ಹಾಕಲಿ. ಇದಕ್ಕೆ ಸಮಯವೇ ಇಲ್ಲ ಎಂದು ವ್ಯವಸ್ಥಾಪಕರು ಹೇಳಿದರೆ, ನಿಮ್ಮ ಡೈರಿಯಲ್ಲಿ ಯಾರು, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಕುಳಿತರು ಎಂಬುದನ್ನಾದರೂ ಬರೆದಿಡಿ. ನಂತರ ಮಾತು ಬೆಳೆದಾಗ ಆ ಒಂದು ಸಾಲು ನಿಮ್ಮ ಪರವಾಗಿ ನಿಲ್ಲುತ್ತದೆ. ಪಾಸ್‌ವರ್ಡನ್ನು ಎಷ್ಟೇ ಆತ್ಮೀಯರಿರಲಿ, ಯಾರಿಗೂ ಕೊಡಬೇಡಿ. ಕೊಟ್ಟರೆ ಅವರು ರದ್ದು ಮಾಡಿದ ಬಿಲ್ಲೂ ನಿಮ್ಮ ಹೆಸರಿನಲ್ಲೇ ದಾಖಲಾಗುತ್ತದೆ.

ಮೂರನೆಯ ಹೆಜ್ಜೆ: ಹಣ ಪಡೆಯುವ, ಚಿಲ್ಲರೆ ಕೊಡುವ ಕ್ರಮ

ಗ್ರಾಹಕರು ಕೊಟ್ಟ ನೋಟನ್ನು ಚಿಲ್ಲರೆ ಕೊಟ್ಟು ಮುಗಿಯುವವರೆಗೆ ಗಲ್ಲಾದೊಳಗೆ ಹಾಕಬಾರದು. ಅದು ಮೇಲೆ, ಇಬ್ಬರಿಗೂ ಕಾಣುವಂತೆ ಇರಬೇಕು. "ನಾ ಐನೂರು ಕೊಟ್ಟೀನಿ" ಎಂಬ ಜಗಳ ಹುಟ್ಟುವುದು ನೋಟು ಒಳಗೆ ಹೋದ ಮೇಲೆಯೇ. ಕೊಟ್ಟ ಮೊತ್ತವನ್ನು ಬಾಯಿಬಿಟ್ಟು ಹೇಳಿ, ಚಿಲ್ಲರೆಯನ್ನೂ ಎಣಿಸುತ್ತ ಹೇಳಿ.

ಕಲಬುರಗಿಯ ಕೌಂಟರಿನಲ್ಲಿ ಕನ್ನಡದ ಜೊತೆ ದಖನಿ, ಮರಾಠಿ, ತೆಲುಗು ಮಾತನಾಡುವವರೂ ಬರುತ್ತಾರೆ. "ಢಾಯಿ ಸೌ" ಎಂದರೆ 250, "ಡೇಢ್ ಸೌ" ಎಂದರೆ 150, "ಸಾಡೇ ತೀನ್ ಸೌ" ಎಂದರೆ 350. ಗದ್ದಲದಲ್ಲಿ ಢಾಯಿಯನ್ನು ಡೇಢ್ ಎಂದು ಕೇಳಿಸಿಕೊಂಡರೆ ನೂರು ರೂಪಾಯಿಯ ವ್ಯತ್ಯಾಸವಾಗುತ್ತದೆ. ಹಾಗಾಗಿ ಮೊತ್ತವನ್ನು ಬಾಯಲ್ಲಿ ಹೇಳುವುದಷ್ಟೇ ಸಾಲದು, ಪರದೆಯ ಮೇಲಿನ ಅಂಕಿಯನ್ನು ಗ್ರಾಹಕರಿಗೆ ತೋರಿಸುವುದು ಒಳಿತು.

ನೋಟುಗಳ ಬಣ್ಣವೂ ಮೋಸ ಮಾಡುತ್ತದೆ. 200ರ ನೋಟು ಗಾಢ ಹಳದಿ, ಹೊಸ 20ರ ನೋಟು ಹಸಿರು ಬೆರೆತ ಹಳದಿ. ಟ್ಯೂಬ್‌ಲೈಟಿನ ಬೆಳಕಿನಲ್ಲಿ, ಅದರಲ್ಲೂ ಮಡಿಚಿದ ನೋಟುಗಳಲ್ಲಿ, ಇವೆರಡೂ ಒಂದೇ ಥರ ಕಾಣುತ್ತವೆ. 200ರ ಹಿಂಬದಿಯಲ್ಲಿ ಸಾಂಚಿ ಸ್ತೂಪ, 20ರ ಹಿಂಬದಿಯಲ್ಲಿ ಎಲ್ಲೋರಾ ಇರುತ್ತದೆ. ಇವೆರಡನ್ನೂ ಗಲ್ಲಾದ ಪಕ್ಕಪಕ್ಕದ ಮನೆಗಳಲ್ಲಿ ಇಡದಿರುವುದೇ ಸುಲಭದ ಪರಿಹಾರ. ನಾಣ್ಯಗಳಲ್ಲಿ 20ರ ನಾಣ್ಯವೂ 10ರ ನಾಣ್ಯವೂ ಎರಡು ಲೋಹದವು. 20ರದ್ದಕ್ಕೆ ಹನ್ನೆರಡು ಅಂಚುಗಳಿರುತ್ತವೆ, 10ರದ್ದು ದುಂಡಗಿರುತ್ತದೆ. ಇನ್ನು 10ರ ನಾಣ್ಯ ನಡೆಯುವುದಿಲ್ಲ ಎಂಬ ಸುಳ್ಳು ಸುದ್ದಿಯನ್ನು ಕೌಂಟರಿನಲ್ಲಿ ಕುಳಿತವರು ನಂಬಬಾರದು. ಬೇರೆ ಬೇರೆ ವಿನ್ಯಾಸದ 10ರ ನಾಣ್ಯಗಳೆಲ್ಲವೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲಿಯೇ ಸ್ಪಷ್ಟಪಡಿಸಿದೆ.

ಖೋಟಾ ನೋಟಿನ ಭಾರ ಅನೇಕ ಕಡೆ ಕ್ಯಾಶಿಯರ್ ಮೇಲೆಯೇ ಬೀಳುತ್ತದೆ, ಏಕೆಂದರೆ ಬ್ಯಾಂಕು ಅದನ್ನು ವಶಪಡಿಸಿಕೊಂಡು ರಸೀದಿ ಕೊಡುತ್ತದೆ, ಹಣ ಕೊಡುವುದಿಲ್ಲ. 500ರ ನೋಟಿನ ಎರಡೂ ಅಂಚಿನಲ್ಲಿ ಬೆರಳಿಗೆ ತಾಗುವ ಐದು ಓರೆ ಗೆರೆಗಳಿರುತ್ತವೆ. 100 ಮತ್ತು 200ರಲ್ಲಿ ನಾಲ್ಕು. ನೋಟನ್ನು ವಾಲಿಸಿದಾಗ ಭದ್ರತಾ ದಾರದ ಬಣ್ಣ ಹಸಿರಿನಿಂದ ನೀಲಿಗೆ ತಿರುಗಬೇಕು. ಅನುಮಾನ ಬಂದ ನೋಟನ್ನು ಗ್ರಾಹಕರಿಗೆ ವಿನಯದಿಂದಲೇ ಮರಳಿಸಿ ಬೇರೆ ನೋಟು ಕೇಳಿ. ಖೋಟಾ ಎಂದು ತಿಳಿದ ಮೇಲೆ ಅದನ್ನು ಮುಂದಿನ ಗ್ರಾಹಕರಿಗೆ ದಾಟಿಸಲು ಯಾರು ಹೇಳಿದರೂ ಒಪ್ಪಬೇಡಿ, ಅದು ಅಪರಾಧ. ಹರಿದ ನೋಟಿನ ವಿಷಯ ಬೇರೆ: ರಿಸರ್ವ್ ಬ್ಯಾಂಕಿನ ನಿಯಮದಂತೆ ಬ್ಯಾಂಕುಗಳು ಅದನ್ನು ಬದಲಿಸಿಕೊಡುತ್ತವೆ, ಆದ್ದರಿಂದ ಹರಿದ ನೋಟನ್ನು ಹಾನಿಯೆಂದು ತೋರಿಸಿ ಕ್ಯಾಶಿಯರ್‌ನ ಕಡೆಯಿಂದ ಹಣ ತುಂಬಿಸಿಕೊಳ್ಳುವುದಕ್ಕೆ ಆಧಾರವಿಲ್ಲ.

ನಾಲ್ಕನೆಯ ಹೆಜ್ಜೆ: ಯುಪಿಐ ಮತ್ತು ಗಲ್ಲಾದಿಂದ ಹೊರಹೋಗುವ ಹಣ

ಫೋನ್‌ಪೇ, ಗೂಗಲ್ ಪೇ ಬಂದ ಮೇಲೆ ಗಲ್ಲಾದ ಲೆಕ್ಕ ತಪ್ಪಲು ಹೊಸ ದಾರಿಯೊಂದು ತೆರೆದಿದೆ. ಗ್ರಾಹಕರು ಮೊಬೈಲಿನಿಂದ ಹಣ ಕಟ್ಟುತ್ತಾರೆ, ಕ್ಯಾಶಿಯರ್ ಅವಸರದಲ್ಲಿ ಬಿಲ್ಲನ್ನು ನಗದು ಎಂದು ಮುಗಿಸುತ್ತಾರೆ. ರಾತ್ರಿ ಗಣಕಯಂತ್ರ ಆ ಹಣವನ್ನು ಗಲ್ಲಾದಲ್ಲಿ ಹುಡುಕುತ್ತದೆ, ಹಣ ಬ್ಯಾಂಕಿನ ಖಾತೆಯಲ್ಲಿರುತ್ತದೆ. ಅಂಗಡಿಗೆ ಒಂದು ಪೈಸೆಯೂ ನಷ್ಟವಾಗಿರುವುದಿಲ್ಲ, ಆದರೂ ಕ್ಯಾಶಿಯರ್‌ನ ಪಗಾರದಿಂದ ಕಡಿತವಾಗುತ್ತದೆ. ಯುಪಿಐ ವರದಿಯನ್ನು ಗಲ್ಲಾದ ಲೆಕ್ಕದ ಜೊತೆ ಇಟ್ಟು ನೋಡದೆ ಕಡಿಮೆ ಬಿದ್ದಿದೆ ಎಂದು ಹೇಳುವ ಅಂಗಡಿ ಒಂದೇ ಬಿಲ್ಲಿನ ಹಣವನ್ನು ಎರಡು ಸಲ ಪಡೆಯುತ್ತಿರುತ್ತದೆ. ಹಾಗಾಗಿ ಹಣ ಬಂತು ಎಂಬ ಧ್ವನಿಯನ್ನು ಸೌಂಡ್ ಬಾಕ್ಸಿನಲ್ಲಿ ಕೇಳಿದ ಮೇಲೆ, ಮೊತ್ತ ಸರಿಯಿದೆಯೇ ಎಂದು ನೋಡಿ, ಆಮೇಲೆ ಯುಪಿಐ ಗುಂಡಿಯನ್ನೇ ಒತ್ತಿ. ಗ್ರಾಹಕರ ಮೊಬೈಲಿನ ಸ್ಕ್ರೀನ್‌ಶಾಟ್ ನೋಡಿ ಸಾಮಾನು ಕೊಡಬೇಡಿ.

ಟೆಂಪೋದವರಿಗೆ, ಹಮಾಲರಿಗೆ, ಚಹಾಕ್ಕೆ, ನೀರಿನ ಕ್ಯಾನಿಗೆ ಗಲ್ಲಾದಿಂದ ತೆಗೆದು ಕೊಡುವ ಪ್ರತಿಯೊಂದು ರೂಪಾಯಿಗೂ ಚೀಟಿ ಇರಲಿ, ಹೇಳಿದವರ ಸಹಿ ಇರಲಿ. ಮಾಲೀಕರೇ ತೆಗೆದುಕೊಂಡರೂ ಚೀಟಿ ಬೇಕು. ಮಧ್ಯಾಹ್ನ ದೊಡ್ಡ ನೋಟುಗಳನ್ನು ತಿಜೋರಿಗೆ ಒಪ್ಪಿಸುವಾಗಲೂ ಹಾಗೆಯೇ ಮಾಡಿ.

ಐದನೆಯ ಹೆಜ್ಜೆ: ರಾತ್ರಿಯ ಎಣಿಕೆ, ಮತ್ತು ತಪ್ಪು ಹುಡುಕುವ ಲೆಕ್ಕ

ನಿಮ್ಮ ಗಲ್ಲಾವನ್ನು ನಿಮ್ಮ ಬೆನ್ನ ಹಿಂದೆ, ಒಳಗಿನ ಕೋಣೆಯಲ್ಲಿ ಎಣಿಸಲು ಬಿಡಬೇಡಿ. ಎಣಿಸುವಾಗ ನೀವೂ ಅಲ್ಲಿರಬೇಕು, ನೀವೇ ಮೊದಲು ಎಣಿಸಬೇಕು. ಸಾಧ್ಯವಿದ್ದರೆ ಗಣಕಯಂತ್ರದ ವರದಿ ನೋಡುವ ಮುನ್ನವೇ ಎಣಿಸಿ ಬರೆಯಿರಿ, ಏಕೆಂದರೆ ಬರಬೇಕಾದ ಮೊತ್ತ ಮೊದಲೇ ಗೊತ್ತಿದ್ದರೆ ಎಣಿಕೆ ಅದರ ಕಡೆಗೆ ವಾಲುತ್ತದೆ.

ಇರಬೇಕಾದ ಹಣದ ಲೆಕ್ಕ ಹೀಗಿದೆ. ಆರಂಭದ ಚಿಲ್ಲರೆ 2,000, ನಗದು ಮಾರಾಟ 38,460, ಒಟ್ಟು 40,460. ಇದರಲ್ಲಿ ವಾಪಸು ಬಂದ ಸಾಮಾನಿಗೆ ನಗದಾಗಿ ಮರಳಿಸಿದ್ದು 640, ಚೀಟಿಯ ಮೇಲೆ ಖರ್ಚು 250, ತಿಜೋರಿಗೆ ಒಪ್ಪಿಸಿದ್ದು 30,000. ಕಳೆದರೆ ಗಲ್ಲಾದಲ್ಲಿ 9,570 ಇರಬೇಕು. ಎಣಿಸಿದಾಗ 9,390 ಬಂದರೆ 180 ಕಡಿಮೆ.

ಇಲ್ಲಿಗೆ ಕೈಚೆಲ್ಲಬೇಡಿ. ಆ ವ್ಯತ್ಯಾಸದ ಅಂಕಿಯೇ ಬಹಳ ಸಲ ತಪ್ಪು ಎಲ್ಲಾಗಿದೆ ಎಂದು ಹೇಳುತ್ತದೆ. 180 ಕಡಿಮೆ ಎಂದರೆ 20ರ ಬದಲು 200ರ ನೋಟು ಹೋಗಿರಬಹುದು. 450 ಎಂದರೆ 50ರ ಬದಲು 500, 90 ಎಂದರೆ 10ರ ಬದಲು 100. 300 ಎಂದರೆ 200ರ ಬದಲು 500, 400 ಎಂದರೆ 100ರ ಬದಲು 500. ವ್ಯತ್ಯಾಸವನ್ನು 9ರಿಂದ ಭಾಗಿಸಿದಾಗ ಶೇಷ ಉಳಿಯದಿದ್ದರೆ ಎರಡು ಸಾಧ್ಯತೆಗಳನ್ನು ಮೊದಲು ನೋಡಬೇಕು: ಒಂದು ಸೊನ್ನೆ ಹೆಚ್ಚು ಕಡಿಮೆಯಾಗಿದೆ, ಅಥವಾ ಅಂಕಿಗಳು ಹಿಂದುಮುಂದಾಗಿವೆ. 574 ಬರೆಯುವಲ್ಲಿ 547 ಬರೆದರೆ ವ್ಯತ್ಯಾಸ 27, ಅದು ಒಂಬತ್ತರ ಮಗ್ಗಿಯಲ್ಲಿದೆ. ಹಾಗಾಗಿ ಎಣಿಕೆ ಹಾಳೆ, ಚೀಟಿ, ತಿಜೋರಿಯ ಪುಸ್ತಕ ಇವುಗಳಲ್ಲಿ ಕೈಯಿಂದ ಬರೆದ ಪ್ರತಿ ಅಂಕಿಯನ್ನೂ ಮತ್ತೊಮ್ಮೆ ನೋಡಿ.

ಮುಂದೆ ವ್ಯತ್ಯಾಸವನ್ನು ಎರಡರಿಂದ ಭಾಗಿಸಿ, ಅಷ್ಟೇ ಮೊತ್ತದ ವ್ಯವಹಾರ ಆ ದಿನ ಇದೆಯೇ ಎಂದು ಹುಡುಕಿ. 275 ರೂಪಾಯಿಯ ಸಾಮಾನು ವಾಪಸು ಪಡೆದು ಹಣ ಕೊಟ್ಟಿದ್ದೀರಿ, ಆದರೆ ಗಣಕಯಂತ್ರದಲ್ಲಿ ಅದು ಮಾರಾಟ ಎಂದು ದಾಖಲಾಗಿದೆ ಎಂದುಕೊಳ್ಳಿ. ಗಣಕಯಂತ್ರ 275 ಬಂದಿದೆ ಎನ್ನುತ್ತದೆ, ವಾಸ್ತವದಲ್ಲಿ 275 ಹೋಗಿದೆ, ಕಡಿಮೆ ಬೀಳುವುದು 550. ಆಮೇಲೆ ವ್ಯತ್ಯಾಸದಷ್ಟೇ ಮೊತ್ತದ ಒಂದು ಬಿಲ್ ಇದೆಯೇ ಎಂದು ನೋಡಿ. ಇದ್ದರೆ ಅದು ಯುಪಿಐ ಅಥವಾ ಕಾರ್ಡಿನ ಬಿಲ್ಲು ನಗದಾಗಿ ದಾಖಲಾದದ್ದಿರಬಹುದು, ಇಲ್ಲವೇ ಗ್ರಾಹಕರು ಬೇಡವೆಂದು ಹೋದ ಬಿಲ್ಲು ರದ್ದಾಗದೆ ಉಳಿದದ್ದಿರಬಹುದು. ಒಂದೆರಡು ರೂಪಾಯಿಗಳ ವ್ಯತ್ಯಾಸಕ್ಕೆ ಬಿಲ್ಲಿನ ಪೈಸೆ ಸರಿಹೊಂದಿಸುವುದು ಮತ್ತು ಚಿಲ್ಲರೆ ಇಲ್ಲದೆ ಬಿಟ್ಟುಕೊಟ್ಟದ್ದೇ ಕಾರಣವಾಗಿರುತ್ತದೆ.

ಗಲ್ಲಾದ ಟ್ರೇ ಎತ್ತಿ ಅದರ ಕೆಳಗೆ, ಹಿಂದಿನ ಸಂದಿನಲ್ಲಿ ನೋಡುವುದನ್ನು ಮರೆಯಬೇಡಿ. ತುಂಬಿದ ಗಲ್ಲಾವನ್ನು ರಭಸದಿಂದ ಮುಚ್ಚಿದಾಗ ನೋಟುಗಳು ಹಿಂದಕ್ಕೆ ಜಾರಿ ಬೀಳುತ್ತವೆ.

ಹೆಚ್ಚು ಬಿದ್ದ ಹಣವನ್ನು ಜೇಬಿಗೆ ಹಾಕಿಕೊಳ್ಳುವುದಾಗಲಿ, ನಾಳೆ ಕಡಿಮೆ ಬಿದ್ದರೆ ತುಂಬಲು ಇರಲಿ ಎಂದು ಬದಿಗಿಡುವುದಾಗಲಿ ಖಂಡಿತ ಬೇಡ. ಅದನ್ನೂ ಕಡಿಮೆ ಬಿದ್ದ ಹಣದಷ್ಟೇ ಶ್ರದ್ಧೆಯಿಂದ ಪುಸ್ತಕದಲ್ಲಿ ಬರೆಸಿ. ಬದಿಗಿಟ್ಟ ಐವತ್ತು ರೂಪಾಯಿ ಸಿಕ್ಕಿಬಿದ್ದರೆ ನಿಮ್ಮ ಹಿಂದಿನ ಎಲ್ಲ ಪ್ರಾಮಾಣಿಕ ಲೆಕ್ಕಗಳ ಮೇಲೂ ಅನುಮಾನ ಹರಡುತ್ತದೆ. ಮ್ಯಾನೇಜ್‌ಮೆಂಟಿನವರಿಗೂ ಇಲ್ಲಿ ಒಂದು ಮಾತು ಹೇಳಲೇಬೇಕು. ಹೆಚ್ಚು ಬಿದ್ದದ್ದು ಅಂಗಡಿಗೆ, ಕಡಿಮೆ ಬಿದ್ದದ್ದು ಕ್ಯಾಶಿಯರ್‌ಗೆ ಎಂಬ ಪದ್ಧತಿ ನ್ಯಾಯವಲ್ಲ. ತಿಂಗಳಲ್ಲಿ ಒಮ್ಮೆ 120 ಹೆಚ್ಚು, ಇನ್ನೊಮ್ಮೆ 100 ಕಡಿಮೆ ಬಿದ್ದವರ ಪಗಾರದಿಂದ ನೂರು ಕಳೆದರೆ, ಆ ತಪ್ಪುಗಳಿಂದ ಅಂಗಡಿ 120 ರೂಪಾಯಿ ಗಳಿಸಿದಂತಾಯಿತು.

ಆರನೆಯ ಹೆಜ್ಜೆ: ಕಾರಣ ಸಿಗದಿದ್ದರೆ ಅಂದೇ ಬರೆದು ಕೊಡಿ

ಬಾಯಿಮಾತಿನ ವಿವರಣೆ ಮರುದಿನಕ್ಕೆ ಬದಲಾಗಿಬಿಡುತ್ತದೆ. ಮನೆಗೆ ಹೋಗುವ ಮುನ್ನವೇ ಅರ್ಧ ಪುಟದ ಪತ್ರ ಬರೆದು ಕೊಡಿ, ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಸ್ವೀಕರಿಸಿ ಸಹಿ ಮಾಡಲು ಒಪ್ಪದಿದ್ದರೆ ಅದನ್ನೇ ವ್ಯವಸ್ಥಾಪಕರಿಗೆ ವಾಟ್ಸ್ಆ್ಯಪ್‌ನಲ್ಲಿಯೋ ಇಮೇಲ್‌ನಲ್ಲಿಯೋ ಕಳುಹಿಸಿ. ಪತ್ರ ಹೀಗಿರಬಹುದು:

"ಮಾನ್ಯ ವ್ಯವಸ್ಥಾಪಕರಿಗೆ, ಈ ದಿನ ಬೆಳಗ್ಗೆ 10ರಿಂದ ಸಂಜೆ 7ರವರೆಗೆ ನಾನು ಕೌಂಟರ್ 3ರಲ್ಲಿ ಕೆಲಸ ಮಾಡಿದ್ದೇನೆ. ಆರಂಭದ ಚಿಲ್ಲರೆ 2,000 ರೂಪಾಯಿ ಎಣಿಸಿ ಪಡೆದಿದ್ದೇನೆ. ಮಧ್ಯಾಹ್ನ 1.30ರಿಂದ 2.10ರವರೆಗೆ ನಾನು ಊಟಕ್ಕೆ ಹೋದಾಗ ಇದೇ ಗಲ್ಲಾದಲ್ಲಿ ಬೇರೊಬ್ಬ ಸಿಬ್ಬಂದಿ ಬಿಲ್ ಮಾಡಿದ್ದಾರೆ. ಎಣಿಕೆಯಲ್ಲಿ 180 ರೂಪಾಯಿ ಕಡಿಮೆ ಬಂದಿದೆ. ಕಾರಣ ಪತ್ತೆಯಾಗಿಲ್ಲ. ಕೌಂಟರ್ 3ರ ಈ ದಿನದ ಕ್ಯಾಮೆರಾ ದೃಶ್ಯವನ್ನು ಉಳಿಸಿಡಬೇಕೆಂದೂ, ರದ್ದಾದ ಬಿಲ್ಲುಗಳ ಪಟ್ಟಿ ಮತ್ತು ಯುಪಿಐ ವರದಿಯನ್ನು ನನ್ನ ಸಮ್ಮುಖದಲ್ಲಿ ಪರಿಶೀಲಿಸಬೇಕೆಂದೂ, ನನ್ನ ವಿವರಣೆ ಕೇಳುವವರೆಗೆ ಪಗಾರದಿಂದ ಯಾವುದೇ ಕಡಿತ ಮಾಡಬಾರದೆಂದೂ ಕೋರುತ್ತೇನೆ."

ಕ್ಯಾಮೆರಾ ದೃಶ್ಯದ ಮಾತನ್ನು ಅಂದೇ ಬರೆಯುವುದು ಅಗತ್ಯ, ಏಕೆಂದರೆ ಯಂತ್ರದಲ್ಲಿ ಜಾಗ ತುಂಬಿದಂತೆ ಹಳೆಯ ದೃಶ್ಯ ತಾನಾಗಿ ಅಳಿಸಿಹೋಗುತ್ತದೆ. ಪತ್ರದಲ್ಲಿ ಇನ್ನೊಬ್ಬರ ಮೇಲೆ ಅನುಮಾನ ಹೊರಿಸಬೇಡಿ. ಯಾರು ಕುಳಿತಿದ್ದರು ಎಂಬ ಸಂಗತಿಯನ್ನಷ್ಟೇ ಬರೆಯಿರಿ. ನಿಮ್ಮ ಮೇಲೆ ಆಗುತ್ತಿರುವ ಅನ್ಯಾಯವನ್ನೇ ನೀವು ಜೊತೆಯವರ ಮೇಲೆ ಮಾಡಬಾರದು.

ಏಳನೆಯ ಹೆಜ್ಜೆ: ಪಗಾರದ ಕಡಿತದ ಬಗ್ಗೆ ಕಾನೂನು ಏನು ಹೇಳುತ್ತದೆ ಎಂದು ತಿಳಿದಿರಿ

1936ರ ವೇತನ ಪಾವತಿ ಕಾಯ್ದೆಯಲ್ಲಿದ್ದ ರಕ್ಷಣೆಯೇ 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ 2019ರ ವೇತನ ಸಂಹಿತೆಯಲ್ಲಿ ಮುಂದುವರಿದಿದೆ. ಅದರ 18ನೆಯ ಕಲಂ ಪ್ರಕಾರ ಕಾನೂನು ಅನುಮತಿಸಿದ ಕಡಿತಗಳನ್ನು ಬಿಟ್ಟು ಬೇರೆ ಯಾವ ಕಡಿತವನ್ನೂ ಮಾಡುವಂತಿಲ್ಲ. ಲೆಕ್ಕ ಕೊಡಬೇಕಾದ ಹಣ ಕಳೆದುಹೋದಾಗ ಕಡಿತಕ್ಕೆ ಅವಕಾಶವಿದೆ ನಿಜ; ಆದರೆ ಆ ನಷ್ಟ ನೌಕರರ ನಿರ್ಲಕ್ಷ್ಯ ಅಥವಾ ಲೋಪದಿಂದಲೇ ನೇರವಾಗಿ ಆಗಿರಬೇಕು. ಮೂವರು ಕೈಯಾಡಿಸಿದ ಗಲ್ಲಾದಲ್ಲಿ ಒಬ್ಬರ ಲೋಪವನ್ನು ನೇರವಾಗಿ ತೋರಿಸುವುದು ಹೇಗೆ ಎಂಬ ಪ್ರಶ್ನೆಗೆ ಮ್ಯಾನೇಜ್‌ಮೆಂಟೇ ಉತ್ತರಿಸಬೇಕಾಗುತ್ತದೆ.

21ನೆಯ ಕಲಂ ಇನ್ನೂ ಎರಡು ಮಾತುಗಳನ್ನು ಸೇರಿಸುತ್ತದೆ. ಕಡಿತವು ನಷ್ಟದ ಮೊತ್ತವನ್ನು ಮೀರಬಾರದು, ಆದ್ದರಿಂದ 180 ಕಡಿಮೆ ಬಿದ್ದದ್ದಕ್ಕೆ ಎರಡರಷ್ಟು ವಸೂಲಿ ಮಾಡುವ ಪದ್ಧತಿ ಕಾನೂನಿಗೆ ವಿರುದ್ಧ. ಮತ್ತು ಕಡಿತದ ಮುನ್ನ ತಮ್ಮ ವಿವರಣೆ ಹೇಳಿಕೊಳ್ಳಲು ನೌಕರರಿಗೆ ಅವಕಾಶ ಕೊಡಲೇಬೇಕು, ಕಡಿತವನ್ನು ವಹಿಯಲ್ಲಿ ದಾಖಲಿಸಬೇಕು. ದಂಡದ ಹೆಸರಿನಲ್ಲಿ ಕಳೆಯುವುದಿದ್ದರೆ ಅದಕ್ಕೂ ಮಿತಿಯಿದೆ: ಒಂದು ವೇತನಾವಧಿಯಲ್ಲಿ ಪಗಾರದ ಶೇಕಡಾ 3ನ್ನು ಮೀರುವಂತಿಲ್ಲ.

ಅನೇಕರಿಗೆ ತಿಳಿಯದ ಒಂದು ಅಂಶವನ್ನು ಒತ್ತಿ ಹೇಳಬೇಕು. "ಪಗಾರದಾಗ ಕಟ್ ಮಾಡಂಗಿಲ್ಲ, ಈಗೇ ಕಿಸೆದಿಂದ ತುಂಬಿ ಹೋಗು" ಎಂದು ರಾತ್ರಿಯೇ ಹಣ ಕಟ್ಟಿಸಿಕೊಂಡರೆ ಅದು ಕಡಿತವಲ್ಲ ಎಂದು ಅಂಗಡಿಯವರು ವಾದಿಸಬಹುದು. 18ನೆಯ ಕಲಂನ ವಿವರಣೆಯಲ್ಲಿ, ನೌಕರರು ಮಾಲೀಕರಿಗೆ ಅಥವಾ ಅವರ ಪ್ರತಿನಿಧಿಗೆ ಕೊಡುವ ಯಾವುದೇ ಹಣವನ್ನು ವೇತನದ ಕಡಿತವೆಂದೇ ಪರಿಗಣಿಸಬೇಕೆಂದು ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ಕಿಸೆಯಿಂದ ತುಂಬಿಸಿಕೊಂಡ ಹಣಕ್ಕೂ ಅದೇ ನಿಯಮ. ಒತ್ತಾಯಕ್ಕೆ ಮಣಿದು ತುಂಬಲೇಬೇಕಾಗಿ ಬಂದರೆ ನಗದು ಕೊಡದೆ ಯುಪಿಐ ಮೂಲಕ ಕಳುಹಿಸಿ, ಟಿಪ್ಪಣಿಯಲ್ಲಿ ದಿನಾಂಕ ಮತ್ತು ಕೌಂಟರ್ ಸಂಖ್ಯೆ ಬರೆಯಿರಿ. ಅದೇ ನಿಮ್ಮ ರಸೀದಿಯಾಗುತ್ತದೆ. ಪಗಾರದ ಚೀಟಿ ಕೊಡುವುದು ಮಾಲೀಕರ ಹೊಣೆ; ಕಡಿತ ಅದರಲ್ಲಿ ಪ್ರತ್ಯೇಕ ಸಾಲಾಗಿ ಕಾಣುವಂತೆ ಕೇಳಿ.

ಎಂಟನೆಯ ಹೆಜ್ಜೆ: ಬೆದರಿಕೆ ಬಂದಾಗ

ಸಣ್ಣ ಮೊತ್ತಕ್ಕೂ "ಪೊಲೀಸರಿಗೆ ಕೊಡ್ತೀವಿ" ಎಂಬ ಮಾತು ಬರುತ್ತದೆ. ಅಂಥ ಹೊತ್ತಿನಲ್ಲಿ ಹೆದರಿ "ಹಣ ನಾನೇ ತೆಗೆದುಕೊಂಡಿದ್ದೇನೆ, ಇನ್ನು ಹೀಗೆ ಮಾಡುವುದಿಲ್ಲ" ಎಂದು ಅವರು ಹೇಳಿದಂತೆ ಬರೆದು ಸಹಿ ಹಾಕುವುದು ಎಲ್ಲಕ್ಕಿಂತ ದೊಡ್ಡ ಅಪಾಯ. ಇನ್ನೂರು ರೂಪಾಯಿಯ ಎಣಿಕೆ ತಪ್ಪು ಆ ಸಹಿಯಿಂದ ಕಳ್ಳತನದ ಒಪ್ಪಿಗೆಯಾಗಿಬಿಡುತ್ತದೆ, ಮುಂದಿನ ಅಂಗಡಿಯಲ್ಲೂ ಅದು ನಿಮ್ಮ ಬೆನ್ನು ಬಿಡುವುದಿಲ್ಲ. ಖಾಲಿ ಹಾಳೆಗೆ, ಖಾಲಿ ಚೆಕ್ಕಿಗೆ ಸಹಿ ಹಾಕಬೇಡಿ. "ಎಣಿಕೆಯಲ್ಲಿ ವ್ಯತ್ಯಾಸ ಬಂದಿದೆ, ಕಾರಣ ಗೊತ್ತಿಲ್ಲ" ಎಂಬುದಷ್ಟೇ ಸತ್ಯವಾದರೆ ಅಷ್ಟನ್ನೇ ಬರೆಯಿರಿ.

ರಾತ್ರಿ ಬಾಗಿಲು ಹಾಕಿ ನಿಮ್ಮನ್ನು ಒಳಗೆ ಕೂರಿಸುವ ಅಧಿಕಾರ ಯಾವ ವ್ಯವಸ್ಥಾಪಕರಿಗೂ ಇಲ್ಲ. ಇಚ್ಛೆಗೆ ವಿರುದ್ಧವಾಗಿ ಒಬ್ಬರನ್ನು ಕೂಡಿಹಾಕುವುದು ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಅಪರಾಧ. ಮನೆಯವರಿಗೆ ಕರೆ ಮಾಡಿ. ಬಿಡದಿದ್ದರೆ 112ಕ್ಕೆ ಕರೆ ಮಾಡಿ. ಹೆಣ್ಣುಮಕ್ಕಳು ಈ ವಿಷಯದಲ್ಲಿ ಸಂಕೋಚಪಡಬಾರದು, ಮರ್ಯಾದೆ ಹೋಗುತ್ತದೆ ಎಂಬ ಭಯವನ್ನೇ ಬಳಸಿಕೊಂಡು ಅವರಿಂದ ಹಣ ಕಟ್ಟಿಸಿಕೊಳ್ಳುವವರಿದ್ದಾರೆ.

ಕೆಲಸದಿಂದ ತೆಗೆದರೆ 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೆಯ ಕಲಂ ನೋಡಬೇಕು. ಆರು ತಿಂಗಳು ಸತತವಾಗಿ ದುಡಿದವರನ್ನು ಸಮಂಜಸ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸು ಅಥವಾ ಅದರ ಬದಲಿನ ಪಗಾರವಿಲ್ಲದೆ ತೆಗೆಯುವಂತಿಲ್ಲ. ದುರ್ನಡತೆ ಎಂದು ಹೇಳಿ ನೋಟಿಸಿಲ್ಲದೆ ತೆಗೆಯಬೇಕಾದರೆ ವಿಚಾರಣೆ ನಡೆಸಿ, ಅದರಲ್ಲಿ ಸಾಕ್ಷ್ಯ ದಾಖಲಿಸಬೇಕು. ಕೆಲಸ ಬಿಟ್ಟಾಗ ಅಥವಾ ತೆಗೆದಾಗ ಬಾಕಿ ಪಗಾರವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂದು ವೇತನ ಸಂಹಿತೆ ಹೇಳುತ್ತದೆ. ಗಲ್ಲಾದ ಲೆಕ್ಕ ಮುಗಿದಿಲ್ಲ ಎಂದು ತಿಂಗಳುಗಟ್ಟಲೆ ತಡೆಹಿಡಿಯುವುದು ಸರಿಯಲ್ಲ.

ಒಂಬತ್ತನೆಯ ಹೆಜ್ಜೆ: ದೂರು ಕೊಡುವುದು

ಮೊದಲು ಅಂಗಡಿಯೊಳಗೇ, ಮೇಲ್ವಿಚಾರಕರಿಂದ ಮಾಲೀಕರವರೆಗೆ ಅಥವಾ ಕಂಪನಿಯ ಸಿಬ್ಬಂದಿ ವಿಭಾಗದವರೆಗೆ ಲಿಖಿತವಾಗಿ ಕೇಳಿ. ಬಹಳಷ್ಟು ಸಲ ಮಾಲೀಕರಿಗೆ ತಿಳಿಯದಂತೆ ಮಧ್ಯದವರೇ ಕಡಿತ ಮಾಡುತ್ತಿರುತ್ತಾರೆ. ಇಬ್ಬರು ಮೂವರು ಕ್ಯಾಶಿಯರ್‌ಗಳು ಕೂಡಿ ಕೇಳಿದರೆ ಮಾತಿಗೆ ತೂಕ ಬರುತ್ತದೆ, ಒಬ್ಬರ ಮೇಲೆ ಸಿಟ್ಟು ಬೀಳುವುದೂ ತಪ್ಪುತ್ತದೆ.

ಅಲ್ಲಿ ಪರಿಹಾರ ಸಿಗದಿದ್ದರೆ ಕಾರ್ಮಿಕ ಇಲಾಖೆಯ ಜಿಲ್ಲಾ ಕಚೇರಿಗೆ ಅಥವಾ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರಿಗೆ ಅರ್ಜಿ ಕೊಡಬಹುದು. ಅಕ್ರಮ ಕಡಿತದ ಬಗ್ಗೆ ವೇತನ ಸಂಹಿತೆಯ 45ನೆಯ ಕಲಂ ಅಡಿಯಲ್ಲಿ ಮೂರು ವರ್ಷಗಳೊಳಗೆ ಅರ್ಜಿ ಸಲ್ಲಿಸಲು ಅವಕಾಶವಿದೆ, ಬಾಕಿ ಪಾವತಿಯಾಗಿದೆ ಎಂದು ಸಾಬೀತು ಮಾಡುವ ಹೊಣೆ 59ನೆಯ ಕಲಂ ಪ್ರಕಾರ ಮಾಲೀಕರದ್ದು. ವಕೀಲರ ಖರ್ಚಿಗೆ ಹೆದರುವವರು ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ನಿಗದಿತ ಮಿತಿಗಿಂತ ಕಡಿಮೆ ಆದಾಯದವರಿಗೆ ಅಲ್ಲಿ ಉಚಿತ ನೆರವು ಸಿಗುತ್ತದೆ. 15100 ಸಂಖ್ಯೆಗೆ ಕರೆ ಮಾಡಿಯೂ ವಿಚಾರಿಸಬಹುದು.

ಹೋಗುವಾಗ ಕೈಯಲ್ಲಿ ಇರಬೇಕಾದದ್ದು ಇಷ್ಟು: ನೇಮಕಾತಿ ಪತ್ರ ಅಥವಾ ಗುರುತಿನ ಚೀಟಿ, ಪಗಾರ ಜಮೆಯಾದ ಬ್ಯಾಂಕ್ ಪಾಸ್‌ಬುಕ್, ಕಡಿತ ಕಾಣುವ ಪಗಾರದ ಚೀಟಿ, ಆಯಾ ದಿನದ ಎಣಿಕೆ ಹಾಳೆಗಳ ಫೋಟೋ, ನೀವು ಕೊಟ್ಟ ಪತ್ರಗಳ ಪ್ರತಿ, ಮತ್ತು ಯಾವ ದಿನ ಯಾರು ನಿಮ್ಮ ಗಲ್ಲಾದಲ್ಲಿ ಕುಳಿತಿದ್ದರು ಎಂದು ಬರೆದ ಡೈರಿ. ಗ್ರಾಹಕರ ಮೊಬೈಲ್ ಸಂಖ್ಯೆ, ಅಂಗಡಿಯ ಒಟ್ಟು ವ್ಯಾಪಾರದ ವಿವರ ಇರುವ ಹಾಳೆಗಳನ್ನು ಹೊರಗೆ ಒಯ್ಯಬೇಡಿ. ನಿಮ್ಮ ಕೌಂಟರಿನ, ನಿಮ್ಮ ಸಹಿಯಿರುವ ಕಾಗದಗಳಷ್ಟೇ ಸಾಕು. ನೇಮಕಾತಿ ಪತ್ರವೇ ಕೊಟ್ಟಿಲ್ಲವಾದರೆ ಆ ಮಾತನ್ನೂ ಅರ್ಜಿಯ ಮೊದಲ ಸಾಲುಗಳಲ್ಲೇ ಬರೆಯಿರಿ, ಏಕೆಂದರೆ ಅದನ್ನು ಕೊಡುವುದೂ ಮಾಲೀಕರ ಕಾನೂನುಬದ್ಧ ಹೊಣೆಯೇ ಆಗಿದೆ.